ನೂರೆಂಟು ಚದರಡಿಯಲ್ಲಿ ತಿರುಗಲಾರದ ಗಾಲಿಕುರ್ಚಿ

ವಸತಿ ಮಂಡಳಿಯ ಅಳತೆ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಮಗೂ ತಮ್ಮ ಮೇಜಿಗೂ, ಆ ಮೇಜಿನ ಉದ್ದಗಲ ಬಲ್ಲ ಸಿಬ್ಬಂದಿ ಯಾರಾದರೂ ಇದ್ದರೆ ಅವರಿಗೂ ನನ್ನ ನಮಸ್ಕಾರಗಳು. ಸೊಂಟದ ಮೂಳೆ ಮುರಿದು ಗಾಲಿಕುರ್ಚಿ ಹಿಡಿದಿರುವ ನನ್ನ ಅಮ್ಮನಿಗೆ ನೆಲಮಹಡಿಯಲ್ಲಿ ಒಂದು ಕೋಣೆ ಮಂಜೂರು ಮಾಡಿದ್ದಕ್ಕೆ ನಾವು ಋಣಿಗಳು. ಮಂಜೂರಾತಿ ಪತ್ರದಲ್ಲಿ ಇದ್ದದ್ದು ಒಂದೇ ಅಳತೆ: ನೂರೆಂಟು ಚದರಡಿ. ಉದ್ದ, ಅಗಲಗಳನ್ನು ನಿವಾಸಿಯೇ ತುಂಬಿ ಸಹಿ ಹಾಕಬೇಕು, ಆಮೇಲಷ್ಟೇ ಬೀಗದ ಕೈ ಎಂಬ ತಮ್ಮ ನಿಯಮ ನನ್ನನ್ನು ಬಹಳ ಹೊತ್ತು ಧ್ಯಾನಕ್ಕೆ ಹಚ್ಚಿತು. ಕೋಣೆ ನೋಡದೆ ಅಳೆಯುವುದು ಹೇಗೆಂದು ಕೇಳಿದಾಗ ತಮ್ಮ ಗುಮಾಸ್ತರು, “ಓದಿದೋರು ನೀವು, ಅಗಲ ಗೊತ್ತಾದ್ರೆ ಭಾಗಿಸಿದ್ರಾಯ್ತಲ್ಲಮ್ಮ” ಎಂದು ದಾರಿ ತೋರಿಸಿದರು.

ಭಾಗಿಸಿದೆ. ಕಾರಿಡಾರಿನಲ್ಲಿ ಮಂಡಿಯೂರಿ, ಮುಚ್ಚಿದ ಬಾಗಿಲಿನ ಗೋಡೆಯನ್ನು ಟೇಪು ಹಿಡಿದು ಅಳೆದೆ, ಒಂಬತ್ತು ಅಡಿ. ನೂರೆಂಟನ್ನು ಒಂಬತ್ತರಿಂದ ಭಾಗಿಸಿದರೆ ಹನ್ನೆರಡು. ಕುರ್ಚಿ ಒಂದು ಸುತ್ತು ತಿರುಗಲು ಐದಡಿ ಸಾಕು. ಅಮ್ಮ ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಯಾರನ್ನೂ ಕರೆಯದೆ ಓಡಾಡಬಹುದೆಂದು ಹಿಗ್ಗಿ ಸಹಿ ಹಾಕಿದೆ.

ಬಾಗಿಲು ತೆರೆದಾಗ ತಿಳಿಯಿತು, ಆ ಒಂಬತ್ತು ಅಡಿಯಲ್ಲಿ ಅರ್ಧ ಪಕ್ಕದ ಪೊರಕೆ ಕೋಣೆಯದು. ಅಮ್ಮನ ಕೋಣೆ ನಾಲ್ಕೂವರೆ ಅಡಿ ಅಗಲ, ಇಪ್ಪತ್ತನಾಲ್ಕು ಅಡಿ ಉದ್ದ. ದೂರು ಕೊಟ್ಟೆ. “ಗುಣಲಬ್ಧ ಸರಿಯಾಗಿರುವುದರಿಂದ ದೂರನ್ನು ಮುಕ್ತಾಯಗೊಳಿಸಿದೆ” ಎಂಬ ತಮ್ಮ ಉತ್ತರವನ್ನು ಕವಿತೆಯ ಸಾಲಿನಂತೆ ಮತ್ತೆ ಮತ್ತೆ ಓದಿಕೊಂಡಿದ್ದೇನೆ. ಒಂದೇ ಸಂಖ್ಯೆಯೊಳಗೆ ಎಷ್ಟು ಬಗೆಯ ಕೋಣೆಗಳಿರಬಲ್ಲವು! ತಾವು ಮನಸ್ಸು ಮಾಡಿದ್ದರೆ ಒಂದಡಿ ಅಗಲದ, ನೂರೆಂಟಡಿ ಉದ್ದದ ಕೋಣೆಯನ್ನೂ ಕೊಡಬಹುದಿತ್ತು. ಕೊಡಲಿಲ್ಲ, ಅದು ತಮ್ಮ ದೊಡ್ಡ ಗುಣ. ಈಗ ಅಮ್ಮ ಮುಖ ಮುಂದಾಗಿ ಒಳಗೆ ಹೋಗುತ್ತಾಳೆ, ನಾನು ಎಳೆದಾಗ ಬೆನ್ನು ಮುಂದಾಗಿ ಹೊರಗೆ ಬರುತ್ತಾಳೆ. ನೋಡಲು ಬಂದವರು ಅವಳ ಬೆನ್ನನ್ನೇ ಮಾತಾಡಿಸಿ ಹೋಗುತ್ತಾರೆ.

ಆದ್ದರಿಂದ ಅಮ್ಮನನ್ನೂ ಚದರಡಿಯಲ್ಲೇ ಪರಿಗಣಿಸಿ, ಅವಳ ಅಗಲವನ್ನು ಉದ್ದಕ್ಕೆ ವರ್ಗಾಯಿಸುವ ಆದೇಶ ಹೊರಡಿಸಬೇಕಾಗಿ ಬೇಡುತ್ತೇನೆ. ಅದು ಕಷ್ಟವೆನಿಸಿದರೆ ನಡುವಿನ ಗೋಡೆ ಕೆಡವಬಹುದು. ಪೊರಕೆಗಳು ಒಂದು ಮೂಲೆಯಲ್ಲಿ ನಿಂತೇ ಇರಬಲ್ಲವು, ಬಂದವರ ಮುಖ ನೋಡುವ ಆಸೆ ಅವಕ್ಕಿಲ್ಲ.

ತಮ್ಮ ವಿಶ್ವಾಸಿ,
ತಪ್ಪು ಅಗಲದಿಂದ ಸರಿಯಾಗಿ ಭಾಗಿಸಿದ ಮಗಳು

ಮರೆತ ಮಾತು: ತಾವು ಕಳಿಸಿದ ಪರಿಶೀಲಕರು ಇಂದು ಬೆಳಿಗ್ಗೆ ಬಂದು ಅಳೆಯುತ್ತ ಅಳೆಯುತ್ತ ಕೋಣೆಯ ಆ ತುದಿ ಸೇರಿದರು. ಹಿಂದಿರುಗುವ ಅವರಿಗೆ ದಾರಿ ಬಿಡಲೆಂದು ಅಮ್ಮ ತಿರುಗಿಸಿದ ಕುರ್ಚಿ ಎರಡು ಗೋಡೆಗಳ ನಡುವೆ ಅಡ್ಡಲಾಗಿ ಕಚ್ಚಿಕೊಂಡಿದೆ. “ಕೂತ್ಕೋ ಮಗಾ, ಅವಸರ ಏನು, ಗೋಡೆ ಒಡೆಯೋರು ಬರ್ತಾರೆ” ಎಂದು ಅವರನ್ನು ಸಮಾಧಾನಪಡಿಸುತ್ತಿದ್ದಾಳೆ. ತಾವು ಗಾಬರಿಯಾಗಬೇಕಿಲ್ಲ. ಇಬ್ಬರಿಗೆ ಹಂಚಿದರೂ ತಲೆಗೆ ಐವತ್ತನಾಲ್ಕು ಚದರಡಿ ಬರುತ್ತದೆ, ಭಾಗಲಬ್ಧ ಸರಿಯಾಗಿದೆ.