ಕಣಜ ಹುಡುಕಲು ಬಂದ ಪ್ರೊಫೆಸರು

ಹುಳದ ಹಿಂದೆ ಬಿದ್ದವರ ಜೊತೆ ಸುತ್ತುವವನಿಗೆ ಬೆಚ್ಚಿಬೀಳುವ ಪ್ರಸಂಗಗಳಿಗೆ ಬರವಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ಹಾಸನದ ಕಡೆ ಫಾರೆಸ್ಟರ್ ಆಗಿದ್ದೆ. ಒಬ್ಬ ಪ್ರೊಫೆಸರು ಬಂದರು. ನಾವು ನೆಟ್ಟು ಬೆಳೆಸಿದ ತೋಪಿನಲ್ಲಿ ಎಷ್ಟು ಬಗೆಯ ಕಣಜ ಗೂಡು ಕಟ್ಟುತ್ತವೆ, ತಾನಾಗಿ ಬೆಳೆದ ಕಾಡಿನಲ್ಲಿ ಎಷ್ಟು ಬಗೆ ಅಂತ ಅವರಿಗೆ ತಿಳಿಯಬೇಕಿತ್ತು. ಕಚ್ಚಿಸಿಕೊಳ್ಳಲು ಸರ್ಕಾರ ನನ್ನನ್ನು ಜೊತೆಗೆ ಕೊಟ್ಟಿತು.

ಚೊಕ್ಕಟ ತೋಪು

ಮೊದಲು ಬಾಗೂರಿನ ಹತ್ತಿರದ ಸರ್ವೆ ತೋಪು. ನಮ್ಮ ರೇಂಜರಿಗೆ ಅದೆಂದರೆ ಹೆಮ್ಮೆ. ಗೆರೆ ಎಳೆದ ಹಾಗೆ ಮರಗಳು, ಕೆಳಗೆ ಒಂದು ಪೊದೆಯೂ ಇಲ್ಲ.

"ಎಷ್ಟು ಚೊಕ್ಕಟವಾಗಿದೆ ನೋಡಿ ಸಾರ್, ಒಂದು ಹುಳ ಇಲ್ಲ!" ಅಂದರು.

ಪ್ರೊಫೆಸರ ಮುಖ ಸಾವಿನ ಸುದ್ದಿ ಕೇಳಿದಂತಾಯಿತು. "ಒಂದೂ ಇಲ್ಲವೇ?"

ಸಂಜೆಯವರೆಗೆ ಹುಡುಕಿದೆವು. ಒಂದೂ ಇಲ್ಲ. ಸುಸ್ತಾಗಿ ಕಾವಲು ಗುಡಿಸಲಿಗೆ ಬಂದು, ರೇಂಜರು ಅಲ್ಲಿದ್ದ ಹಳೇ ಬೆತ್ತದ ಕುರ್ಚಿಯಲ್ಲಿ ಧೊಪ್ಪನೆ ಕೂತರು. ಕೂತ ವೇಗದಲ್ಲೇ "ಅಯ್ಯಯ್ಯಪ್ಪೋ!" ಅಂತ ಎದ್ದರು. ಕುರ್ಚಿಯ ಅಡಿಯಲ್ಲಿ ಗೂಡಿತ್ತು.

ಪ್ರೊಫೆಸರು ಭೂತಗನ್ನಡಿ ಹಿಡಿದು ಓಡಿಬಂದು ಕೈಮುಗಿದರು. "ಅಲ್ಲಾಡಬೇಡಿ ಸಾರ್! ನಿಮ್ಮ ಹಿಂಭಾಗದಲ್ಲೇ ಇನ್ನೊಂದು ಕೂತಿದೆ, ಯಾವ ಜಾತಿ ಅಂತ ನೋಡಿಬಿಡ್ತೀನಿ!"

ಪಟೇಲರ ಜಗಲಿ

ಅರಕಲಗೂಡಿನ ಆಚೆಯ ಕಾಡಿನಲ್ಲಿ ಕಥೆಯೇ ಬೇರೆ. ಎಲೆಯಡಿ ಒಂದು ಬಗೆ, ಪೊಟರೆಯಲ್ಲಿ ಇನ್ನೊಂದು, ಕೊಂಬೆಯಲ್ಲಿ ಮಡಕೆಯಷ್ಟು ದೊಡ್ಡದು ಮತ್ತೊಂದು. ಪ್ರೊಫೆಸರು ಮಗುವಿನಂತೆ ಕುಣಿದರು. ಕಚ್ಚಿಸಿಕೊಂಡವನು ನಾನು.

ಆ ಖುಷಿಯಲ್ಲೇ ಊರಿನ ಪಟೇಲರ ಜಗಲಿಯಲ್ಲಿ ಪಾಠ ಶುರುವಾಯಿತು. "ಇವೂ ಕೂಡು ಸಂಸಾರ ಮಾಡ್ತವೆ. ಯಜಮಾನಿಕೆ ರಾಣಿಯದು. ಗೂಡು ಕಟ್ಟೋದು, ಮರಿ ಸಾಕೋದು ಎಲ್ಲಾ ಹೆಣ್ಣು ಹುಳ."

"ಗಂಡುಳ ಏನ್ ಮಾಡ್ತವೆ ಸಾ?" ಅಂದರು ಪಟೇಲರು.

"ಏನೂ ಇಲ್ಲ. ತಿಂದ್ಕೊಂಡು ಕೂತಿರ್ತವೆ."

ಪಟೇಲರು ಹೌಹಾರಿದರು. "ಶಿವಶಿವಾ! ಗೇಮೆ ಮಾಡ್ದೆ ಉಣ್ಣಾದಾ? ಇಂಥ ಪರಾಣಿನೂ ಇದ್ದಾದಾ?"

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ಅದ್ನ ನೋಡಾಕೆ ಕಾಡಿಗ್ಯಾಕ್ ಓಗಿದ್ರಿ ಸಾ? ನಮ್ ಜಗಲಿ ಮ್ಯಾಲೇ ಒಂದು ಕುಂತದಲ್ಲಾ!"

ಡಬ್ಬದೊಳಗಿನ ಕಣಜ

ಆಗ ಪರವಾನಗಿ ಇಲ್ಲದೆ ಒಂದು ಸೇರು ರಾಗಿ ಸಾಗಿಸಿದರೂ ತಪ್ಪು. ಪ್ರೊಫೆಸರು ಒಂದು ಗೂಡನ್ನು ಹುಳದ ಸಮೇತ ಸೀಮೆಎಣ್ಣೆ ಡಬ್ಬಕ್ಕೆ ಇಳಿಸಿ, ಬಾಯಿಗೆ ಬಟ್ಟೆ ಕಟ್ಟಿ, ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಗ್ಯಾಸಿನ ಬಸ್ಸಿಗೆ ಹತ್ತಿಸಿದರು. ಹೊಳೆನರಸೀಪುರದ ಹತ್ತಿರ ಗೇಟಿನಲ್ಲಿ ತಪಾಸಣೆಯ ಅಧಿಕಾರಿ ಬಸ್ಸು ನಿಲ್ಲಿಸಿದ.

"ಡಬ್ಬದಲ್ಲಿ ಏನ್ರೀ?"

ಪ್ರೊಫೆಸರಿಗೆ ಸುಳ್ಳು ಬಾರದು. "ಕಣಜ."

"ಹಗಲಲ್ಲೇ ಕಣಜ ಸಾಗಿಸ್ತಿದ್ದೀರಾ? ಯಾವ ಕಾಳು?"

"ಕಾಳಲ್ಲ ಸ್ವಾಮಿ, ಕಣಜ! ತೆಗೀಬೇಡಿ!"

ಬೇಡ ಅಂದಮೇಲೆ ಅವನ ಅನುಮಾನ ಹೆಚ್ಚಾಯಿತು. ಡಬ್ಬವನ್ನು ಗೇಟಿನ ಕಟ್ಟೆಗೆ ಇಳಿಸಿಕೊಂಡು ಬಟ್ಟೆ ಬಿಚ್ಚಿ, ಕಾಳು ತೆಗೆಯಲು ಕೈ ಹಾಕಿಯೇಬಿಟ್ಟ.

ಆಮೇಲೆ ಕಂಡದ್ದು ಅವನ ರುಮಾಲು ಮಾತ್ರ, ರಸ್ತೆ ಮಧ್ಯೆ. ಅವನು ಗೇಟಿನ ಕೋಣೆ ಹೊಕ್ಕು ಒಳಗಿನಿಂದ ಚಿಲಕ ಹಾಕಿದ್ದ. ನಾವು ಬಸ್ಸಿನ ಸೀಟಿನಡಿ ತೂರಿಕೊಂಡಿದ್ದೆವು.

ಹುಳಗಳು ಚದುರುವ ಹೊತ್ತಿಗೆ ಹಿಂದಿನಿಂದ ಒಂದು ಎತ್ತಿನ ಗಾಡಿ ಬಂತು, ತುಂಬಾ ರಾಗಿ ಮೂಟೆ. ಪಾಪ, ಗಾಡಿಯವನು ಹೆದರಿಕೊಂಡೇ ಇಳಿದು, ಮುಚ್ಚಿದ ಬಾಗಿಲಿಗೆ ಕೈಮುಗಿದ. "ತಪ್ಪಾಯ್ತು ಬುದ್ಧಿ, ಮನೆ ಕಣಜದ್ದೇ ಕಣ್ ಬುದ್ಧಿ. ಬಿಚ್ಚಿ ತೋರುಸ್ಲಾ?"

ಊದಿದ ತುಟಿಯಿಂದ ಒಳಗಿನ ಕೂಗು ಬಂತು: "ಬಿಚ್ಚಬೇಡ್ವೋ! ನಿನ್ನ ಕಾಲಿಗೆ ಬೀಳ್ತೀನಿ, ಹೊಡ್ಕೊಂಡು ಹೋಗು!"