ನನ್ನ ಎಡದವಡೆಯ ರಿಪೇರಿ

ಮನುಷ್ಯನಿಗೆ ಸ್ವಂತದ್ದು ಅಂತ ಏನೂ ಉಳಿಯದ ಕಾಲದಲ್ಲೂ ಬಾಯಿಯಾದರೂ ಅವನದಾಗಿ ಉಳಿದಿರುತ್ತದೆ ಎಂದು ನಾನು ನಂಬಿದ್ದೆ. ಯುದ್ಧ ಬಂದ ಮೇಲೆ ಅಕ್ಕಿ ನಮ್ಮದಲ್ಲ, ಸೀಮೆಎಣ್ಣೆ ನಮ್ಮದಲ್ಲ, ಮಗ್ಗಕ್ಕೆ ಬೇಕಾದ ನೂಲಿಗೂ ಕಂಟ್ರೋಲು. ಇದನ್ನೆಲ್ಲ ಹಲ್ಲು ಕಚ್ಚಿ ಸಹಿಸಿಕೊಂಡೆ. ಸರ್ಕಾರ ಎಷ್ಟೇ ಉದ್ದಕ್ಕೆ ಕೈ ಚಾಚಿದರೂ ನನ್ನ ಎಡದವಡೆಯವರೆಗೆ ಬರಲಾರದು ಎಂಬ ಧೈರ್ಯವಿತ್ತು. ಅಲ್ಲಿ ಎಲೆ, ಅಡಿಕೆ, ಸುಣ್ಣ, ಜೊತೆಗೆ ಒಂದು ಚೂರು ಹೊಗೆಸೊಪ್ಪು ಒತ್ತರಿಸಿಕೊಂಡು ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಯಾರ ಹಂಗೂ ಇಲ್ಲದೆ ಬದುಕಿದ್ದೆ. ಸರ್ಕಾರ ಬರಲಿಲ್ಲ, ನಿಜ. ಬಂದವಳು ನನ್ನ ಹೆಂಡತಿ ತಾಯಮ್ಮ. ಅವಳ ಬೆನ್ನ ಹಿಂದೆಯೇ ಡಾಕ್ಟರು. ಇವರಿಬ್ಬರಿಗೆ ಹೋಲಿಸಿದರೆ ಕಂಟ್ರೋಲು ಆಫೀಸಿನವರು ದೇವರಂಥ ಮನುಷ್ಯರು.

ಹೊಗೆಸೊಪ್ಪು ಹಾಕದವರಿಗೆ ನನ್ನ ಕಷ್ಟ ಗೊತ್ತಾಗುವುದಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನಿಗೆ ಎರಡು ಕೈಗೂ ಕೆಲಸ, ಎರಡು ಕಾಲಿಗೂ ಕೆಲಸ, ಕಣ್ಣು ಎಳೆಗಳ ಮೇಲೆ. ಖಾಲಿ ಇರುವುದು ಬಾಯಿಯೊಂದೇ. ಅದನ್ನೂ ಖಾಲಿ ಬಿಟ್ಟರೆ ಹೊತ್ತು ಹೋಗುವುದು ಹೇಗೆ? ಎಡದವಡೆಯೇ ಯಾಕೆ ಎಂದರೆ, ನನ್ನ ಮಗ್ಗದ ಬಲಕ್ಕೆ ಕಿಟಕಿ ಇದೆ. ಬೀದಿಯಲ್ಲಿ ಹೋಗುವವರನ್ನೆಲ್ಲ ಬಾಯಿಯ ಬಲಮೂಲೆಯಿಂದ ಮಾತಾಡಿಸಬೇಕು. ಹೀಗೆ ಬಾಯಿಯ ಎಡಭಾಗ ಸುಖಕ್ಕೆ, ಬಲಭಾಗ ಲೋಕವ್ಯವಹಾರಕ್ಕೆ ಎಂದು ಹಂಚಿಟ್ಟಿದ್ದೆ. ಮಲಗುವಾಗಲೂ ಒಂದು ಚೂರು ದವಡೆಯಲ್ಲಿ ಇರಲೇಬೇಕು. ನಮ್ಮ ಅಪ್ಪನಿಗೂ ಚಿಕ್ಕಪ್ಪನಿಗೂ ಅದೇ ಅಭ್ಯಾಸವಿತ್ತು. ನಾವು ಮೂಲತಃ ರಾಜಘಟ್ಟದ ಬೇಸಾಯದ ಮನೆಯವರು. ನಾನು ಮಾತ್ರ ಊರು ಬಿಟ್ಟು ಬಂದು ಮಗ್ಗ ಹಾಕಿದೆ. ಹೊಲ ಅಣ್ಣಂದಿರ ಪಾಲಾಯಿತು, ಹೊಗೆಸೊಪ್ಪು ನನ್ನ ಪಾಲಿಗೆ ಬಂತು.

ಗುಟ್ಟು ರಟ್ಟಾದದ್ದು ಹುರುಳಿಸಾರಿನಿಂದ. ಖಾರ ತಗುಲಿದರೆ ಎಡಗಡೆ ಚುರ್ ಎನ್ನುತ್ತಿತ್ತು. ನಾನು ಯಾರಿಗೂ ಕಾಣದ ಹಾಗೆ ಸಾರಿಗೆ ಮಜ್ಜಿಗೆ ಬೆರೆಸಿಕೊಂಡು ಮುದ್ದೆ ನುಂಗುತ್ತಿದ್ದೆ. ಆದರೆ ತನ್ನ ಸಾರಿಗೆ ಅವಮಾನವಾಗುವುದನ್ನು ಯಾವ ಹೆಂಗಸು ತಾನೇ ನೋಡಿಕೊಂಡು ಸುಮ್ಮನಿರುತ್ತಾಳೆ?

"ಏನ್ರೀ ಅದು, ಉಳ್ಳಿಸಾರಿಗೆ ಮಜ್ಜಿಗೆ ಸುರ್ಕೊಂಡು ತಿಂತಿದ್ದೀರಾ? ಬಾಯಿಗೇನಾಗೈತೆ? ಎಲ್ಲಿ, ತೆಗೀರಿ" ಎಂದಳು.

ಬೆಳಕಿಗೆ ತಿರುಗಿಸಿ ನೋಡಿದಳು. ದವಡೆಯೊಳಗೆ ಸುಣ್ಣ ಬಳಿದ ಹಾಗೆ ಬೆಳ್ಳನೆಯ ಮಚ್ಚೆ. ನಾನು ಬೈಗುಳಕ್ಕೆ ಸಿದ್ಧವಾಗಿದ್ದೆ. ಅವಳು ಬೈಯಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟಳು. ನಮ್ಮ ಚಿಕ್ಕಪ್ಪ ಹೋದದ್ದು ಇದೇ ಜಾಗದ ಹುಣ್ಣಿನಿಂದ. ತಾಯಮ್ಮ ಆಗತಾನೆ ಮದುವೆಯಾಗಿ ಬಂದಿದ್ದಳು. ಅವರ ಕೆನ್ನೆಯೇ ತೂತಾಗಿ, ಕುಡಿಸಿದ ಗಂಜಿ ಹೊರಗೆ ಬರುತ್ತಿದ್ದಾಗ ಒರೆಸಿದವಳು ಅವಳೇ. ಊರಿನವರು ಅದನ್ನು ಕೆಟ್ಟ ಹುಣ್ಣು ಎಂದರು, ಯಾರದೋ ಕಣ್ಣು ಎಂದರು, ಸೊಪ್ಪು ಅರೆದು ಕಟ್ಟಿದರು. ಹೊಗೆಸೊಪ್ಪಿನ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ. ನೋವು ಮರೆಯಲಿ ಎಂದು ಕೊನೆಯವರೆಗೂ ಅವರ ಬಾಯಿಗೆ ಅದನ್ನೇ ಇಡುತ್ತಿದ್ದರು.

ಹಾಗಾಗಿ ಡಾಕ್ಟರ ಹತ್ತಿರ ಹೋದೆ. ಹೋದೆ ಎನ್ನುವುದಕ್ಕಿಂತ ತಾಯಮ್ಮ ಎಳೆದುಕೊಂಡು ಹೋದಳು ಎನ್ನುವುದು ಸರಿ. ಡಾಕ್ಟರು ಚಿಕ್ಕ ವಯಸ್ಸಿನವರು, ನನ್ನ ಮಗನಾಗಬಹುದಾದವರು. ಕನ್ನಡಕದ ಮೇಲಿಂದ ಇಣುಕಿ, ಚಮಚದ ಹಿಡಿಯಿಂದ ದವಡೆ ಸರಿಸಿ, "ಯಜಮಾನ್ರೇ, ಆ ಜಾಗಕ್ಕೆ ಬಿಡುವು ಬೇಕು. ಹೊಗೆಸೊಪ್ಪು ನಿಲ್ಲಿಸಿಬಿಡಿ" ಎಂದರು. ಎರಡು ಮಾತು ಹೇಳಿದರು. ಮೊದಲನೆಯದು ನನಗೆ ಬಹಳ ಹಿಡಿಸಿತು. ಎರಡನೆಯದು ವಯಸ್ಸಿನ ದುಡುಕು ಎಂದುಕೊಂಡೆ.

ಬೇಸಾಯದ ಮನೆಯಲ್ಲಿ ಹುಟ್ಟಿದವನಿಗೆ ಬಿಡುವು ಎಂದರೆ ಏನೆಂದು ಡಾಕ್ಟರು ಹೇಳಿಕೊಡಬೇಕೆ? ಒಂದು ಹೊಲ ಸೋತರೆ ಅದನ್ನು ಬೀಳು ಬಿಡುತ್ತೇವೆ, ಪಕ್ಕದ ಹೊಲ ಉಳುತ್ತೇವೆ. ಒಂದು ಹೊಲ ಸೋತಿತೆಂದು ಯಾರಾದರೂ ಬೇಸಾಯವನ್ನೇ ಬಿಡುತ್ತಾರೆಯೆ? ಆವತ್ತೇ ಎಡದವಡೆಯನ್ನು ಬೀಳು ಬಿಟ್ಟು ಬಲದವಡೆಗೆ ಹೊಗೆಸೊಪ್ಪು ವರ್ಗ ಮಾಡಿದೆ. ಕಿಟಕಿಯಲ್ಲಿ ಮಾತಾಡುವುದು ಸ್ವಲ್ಪ ಕಷ್ಟವಾಯಿತು, ಆದರೆ ಆರೋಗ್ಯಕ್ಕಾಗಿ ಅಷ್ಟೂ ಮಾಡದಿದ್ದರೆ ಹೇಗೆ? ಈ ಉಪಾಯ ನನಗೆ ಎಷ್ಟು ಹೆಮ್ಮೆ ತಂದಿತೆಂದರೆ, ಸಂತೆಗೆ ಬಂದ ನನ್ನ ಬಾಲ್ಯದ ಗೆಳೆಯ ನಂಜಪ್ಪನನ್ನು ಕೂರಿಸಿಕೊಂಡು ಹೇಳಿದೆ. ಅವನು ರಾಜಘಟ್ಟದಲ್ಲೇ ಇದ್ದು ಬೇಸಾಯ ಮಾಡಿಕೊಂಡಿದ್ದವನು, ಹೊಗೆಸೊಪ್ಪಿನಲ್ಲಿ ನನಗಿಂತ ಒಂದು ಕೈ ಮೇಲು. ಬೀಳು ಎಂದ ಕೂಡಲೆ ಅವನಿಗೆ ಅರ್ಥವಾಗಿ, "ಸರಿಯಾಗಿ ಹೇಳ್ದೆ ಕಣೋ" ಎಂದು ತಲೆದೂಗಿದ.

ಮಾವು ಹಣ್ಣಾಗುವ ಹೊತ್ತಿಗೆ ಬಲಗಡೆಯೂ ಚುರ್ ಎನ್ನತೊಡಗಿತು. ಮತ್ತೆ ಡಾಕ್ಟರು. ನಾನು ವಿಧೇಯತೆಯಿಂದ ನಡೆದುಕೊಂಡದ್ದನ್ನೆಲ್ಲ ವಿವರಿಸಿದೆ. ಶಹಬಾಸ್ ಎನ್ನುತ್ತಾರೆಂದು ಕಾದರೆ, ಆ ಮನುಷ್ಯ ಚಮಚ ಕುಕ್ಕಿ, "ನಿಮ್ಮ ಬಾಯಿ ಹೊಲ ಅಲ್ಲ ಯಜಮಾನ್ರೇ!" ಎಂದು ಕೂಗಿದರು. ಹೊರಗೆ ಕೂತಿದ್ದವರೆಲ್ಲ ಕೇಳಿಸಿಕೊಂಡರು. ನನ್ನ ಬಾಯಿ ಹೊಲವಲ್ಲ ಎಂದು ನನಗೆ ಗೊತ್ತಿಲ್ಲವೆ? ಇಷ್ಟು ವರ್ಷ ಬಾಳಿದವನಿಗೆ ನಾಲ್ಕು ಜನರ ಮುಂದೆ ಹೀಗೆ ಹೇಳಬಹುದೆ? ಮೈಯೆಲ್ಲ ಉರಿದುಹೋಯಿತು. ಎದ್ದು ಬರೋಣವೆಂದರೆ ತಾಯಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

ಆಮೇಲೆ ಡಾಕ್ಟರು ತಣ್ಣಗಾಗಿ ಬಿಡಿಸಿ ಹೇಳಿದರು. "ಮೈಯೆಲ್ಲ ಕಣ್ಣಿಗೆ ಕಾಣದ ಸಣ್ಣ ಸಣ್ಣ ಜೀವಕೋಶ. ಹಳೇದು ಹೋಗುತ್ತೆ, ಹೊಸದು ಹುಟ್ಟುತ್ತೆ. ಹೊಸದು ಹ್ಯಾಗಿರಬೇಕು ಅನ್ನೋ ಮಾದರಿ ಹಳೇದರ ಒಳಗೇ ಇರುತ್ತೆ. ಹೊಗೆಸೊಪ್ಪು ಆ ಮಾದರೀನೇ ಕೆಡಿಸುತ್ತೆ ಅಂತ ತಿಳಿದವರ ಊಹೆ. ಮೈ ಏನೂ ಸುಮ್ಮನಿರಲ್ಲ, ಕೆಟ್ಟದ್ದನ್ನ ರಿಪೇರಿ ಮಾಡ್ತಾನೇ ಇರುತ್ತೆ. ರಿಪೇರಿಗೆ ಬಗ್ಗದೇ ಇದ್ದದ್ದು ತಾನೇ ಸತ್ತು ಉದುರಿಹೋಗುತ್ತೆ, ಅದೂ ಒಳ್ಳೇದೇ. ಆದರೆ ನೀವು ದಿನಾ ಅಲ್ಲೇ ಹೊಡೀತಾ ಇದ್ದರೆ, ಯಾವತ್ತೋ ಒಂದು ಸಲ ರಿಪೇರಿ ತಪ್ಪುತ್ತೆ. ಅದಿರಲಿ, ನೀವು ನೇಯೋರಲ್ವಾ? ಹಾಸಿನಲ್ಲಿ ಎಳೆ ಕಡಿದರೆ ಏನ್ಮಾಡ್ತೀರಿ?"

"ಗಂಟು ಹಾಕ್ತೀನಿ."

"ಗಂಟು ಪಕ್ಕದ ಎಳೆಗೆ ಬಿದ್ದುಬಿಟ್ಟರೆ?"

"ಅಲ್ಲಿಂದ ಸೀರೆ ಉದ್ದಕ್ಕೂ ತಪ್ಪು ಗೆರೆ ಬೀಳ್ತದೆ."

"ಆಗ?"

"ಮಗ್ಗ ನಿಲ್ಲಿಸಿ ಬಿಚ್ತೀನಿ."

"ಹಾಂ. ನಿಮ್ಮ ದವಡೆ ಮಗ್ಗ ನಿಲ್ಸೋಕಾಗಲ್ಲ. ತಪ್ಪಾದ ಕೋಶ ತನ್ನಂಥದ್ದನ್ನೇ ಹುಟ್ಟಿಸ್ತಾ ಹೋಗುತ್ತೆ, ಸಾಯೋದೂ ಇಲ್ಲ, ಸಾಕು ಅನ್ನೋದೂ ಇಲ್ಲ. ನಿಮ್ಮ ಮನೆಯವರು ಹೇಳಿದ್ರಲ್ಲ, ನಿಮ್ಮ ಚಿಕ್ಕಪ್ಪನಿಗೆ ಆಗಿದ್ದು ಅದೇ. ಅದಕ್ಕೆ ಕ್ಯಾನ್ಸರ್ ಅಂತಾರೆ. ನಿಮಗಿನ್ನೂ ಅಷ್ಟಕ್ಕೆ ಬಂದಿಲ್ಲ. ನಿಮ್ಮ ಮೈ ಇನ್ನೂ ಗಂಟು ಹಾಕ್ತಾ ಇದೆ. ಅದಕ್ಕೆ ಸ್ವಲ್ಪ ಉಸಿರಾಡೋಕೆ ಬಿಡಿ."

ಹಾಸು ಯಾವುದು ಹೊಕ್ಕು ಯಾವುದು ಎಂದು ತಿಳಿಯದ ಹುಡುಗ ನನಗೆ ನೇಯ್ಗೆಯ ಪಾಠ ಹೇಳಿದ ಎಂಬ ಸಿಟ್ಟು ಮನೆ ಮುಟ್ಟುವವರೆಗೂ ಇಳಿಯಲಿಲ್ಲ. ಅದಕ್ಕಿಂತ ಹೆಚ್ಚಿನ ಸಿಟ್ಟು, ಉತ್ತರಗಳನ್ನೆಲ್ಲ ನನ್ನ ಬಾಯಿಂದಲೇ ಹೊರಡಿಸಿದನಲ್ಲ ಎಂಬುದು. ಅಷ್ಟರಲ್ಲಿ ತಾಯಮ್ಮ ನನ್ನ ಎಲೆಯಡಿಕೆ ಸಂಚಿಯನ್ನು ಒದರಿ ಅದಕ್ಕೆ ಹುರಿಗಡಲೆ ತುಂಬಿದ್ದಳು. ಹೊಗೆಸೊಪ್ಪು ಬಿಟ್ಟವನ ಪಾಡು ಏನು ಹೇಳಲಿ! ಲಾಳಿ ಕೈ ತಪ್ಪುತ್ತಿತ್ತು. ಕಿಟಕಿಯಲ್ಲಿ ಮಾತಾಡಿಸಿದವರ ಮೇಲೆಲ್ಲ ಹರಿಹಾಯುತ್ತಿದ್ದೆ. ಹಿಟ್ಟಿನ ಬೆಲೆಗೆ, ಸೆಖೆಗೆ, ಜರ್ಮನಿಯವರಿಗೆ, ಹುರಿಗಡಲೆಗೆ, ಯಾರಿಗೆಂದರೆ ಅವರಿಗೆ ಬೈದೆ. ಮಳೆಗಾಲ ಮುಗಿಯುವ ಹೊತ್ತಿಗೆ ಬಲಗಡೆ ಉರಿ ಹೋಗಿ ಪೂರ್ತಿ ಮೊದಲಿನ ಬಣ್ಣಕ್ಕೆ ಬಂತು, ಎಡಗಡೆಯ ಬಿಳುಪೂ ತೆಳುವಾಯಿತು. ಡಾಕ್ಟರು ನೋಡಿ, "ಎಷ್ಟು ಚೆನ್ನಾಗಿ ರಿಪೇರಿ ಮಾಡಿದೆ ನೋಡಿ!" ಎಂದು ಮೆಚ್ಚಿದರು. ಮೆಚ್ಚಿದ್ದು ನನ್ನನ್ನಲ್ಲ, ದವಡೆಯನ್ನು. ಹುರಿಗಡಲೆ ಜಗಿದು ಜಗಿದು ಸತ್ತವನು ನಾನು, ಹೊಗಳಿಕೆ ದವಡೆಗೆ!

ಆ ಸಿಟ್ಟಿನಲ್ಲೇ ಮನೆಗೆ ಬಂದು ಕೂತಿದ್ದಾಗ ನಂಜಪ್ಪ ಬಂದ. ಕಾಫಿ ಕೊಟ್ಟರೆ ಬೇಡ ಎಂದ, ಬಿಸಿ ಆಗುವುದಿಲ್ಲವಂತೆ. ಮಾತು ಬಾಯಿಯ ಎಡಮೂಲೆಯಿಂದ ಬರುತ್ತಿತ್ತು. ಬಲದವಡೆಗೆ ವರ್ಗ ಮಾಡಿದ ದಿನಗಳಲ್ಲಿ ನಾನೂ ಹೀಗೇ ಮಾತಾಡುತ್ತಿದ್ದೆ.

"ಬಾಯಿ ತೆಗಿಯೋ" ಎಂದೆ. ಬಲದವಡೆಯಲ್ಲಿ ಹೊಗೆಸೊಪ್ಪು ಇತ್ತು. ಎಡಗಡೆ ಬಿಳುಪಷ್ಟೇ ಅಲ್ಲ, ಅಂಚು ಎದ್ದು ಗಟ್ಟಿಯಾದ ಗಾಯ.

"ಡಾಕ್ಟ್ರಿಗೆ ತೋರಿಸ್ಲಿಲ್ವೇನೋ?"

"ಯಾಕೆ ತೋರಿಸ್ಬೇಕು? ಎಡಗಡೆ ಬೀಳು ಬಿಟ್ಟಿದ್ದೀನಲ್ಲ, ತಾನೇ ವಾಸಿ ಆಗ್ತದೆ."

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. "ಬಾಯಿ ಏನು ಹೊಲಾನೇನೋ ಬೀಳು ಬಿಡೋಕೆ! ಯಾವ ಮುಠ್ಠಾಳ ಹೇಳಿದ್ನೋ ನಿನಗೆ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ.

ನಂಜಪ್ಪ ನನ್ನ ಮುಖವನ್ನೇ ನೋಡಿದ. ಪಾಪ, ವ್ಯಂಗ್ಯ ಗೊತ್ತಿಲ್ಲದವನು. "ನೀನೇ ಅಲ್ವೇನಪ್ಪಾ? ನೀನು ಡಾಕ್ಟ್ರನ್ನ ಕೇಳ್ಕೊಂಡೇ ಬಂದಿದ್ದೆಯಲ್ಲ, ನಾನ್ಯಾಕೆ ಇನ್ನೊಂದು ಸಲ ಹೋಗ್ಲಿ ಅಂತ ಬಿಟ್ಟೆ" ಎಂದ.

ಆಗಲೇ ಅವನನ್ನು ಎಳೆದುಕೊಂಡು ಹೋದೆ. ಡಾಕ್ಟರು ಅವನ ಬಾಯನ್ನು ಬಹಳ ಹೊತ್ತು ನೋಡಿದರು. ಕೂಗಾಡಲಿಲ್ಲ, ಮಗ್ಗದ ಮಾತೂ ಆಡಲಿಲ್ಲ. ಅವರು ಕೂಗಾಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿ ದವಡೆಯ ಆ ಭಾಗವನ್ನು ಕೊಯ್ದು ತೆಗೆದರು. ಇನ್ನು ಸ್ವಲ್ಪ ತಡವಾಗಿದ್ದರೆ ಕೊಯ್ದೂ ಉಪಯೋಗವಿರುತ್ತಿರಲಿಲ್ಲ ಎಂದರು. ನಂಜಪ್ಪ ಬದುಕಿದ್ದಾನೆ. ಎಡಗೆನ್ನೆ ಒಳಕ್ಕೆ ಎಳೆದುಕೊಂಡಿದೆ, ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಯುತ್ತಾನೆ, ನನ್ನ ಮೇಲೆ ಒಂದಿಷ್ಟೂ ಸಿಟ್ಟಿಲ್ಲ. ಅದೇ ನನಗೆ ತಡೆಯುವುದಕ್ಕಾಗದು. ಸಿಟ್ಟು ಮಾಡುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ್ದಾನೆ.

ಈಗ ದಿನಾ ಬೆಳಿಗ್ಗೆ ಮಗ್ಗಕ್ಕೆ ಇಳಿಯುವ ಮೊದಲು ಕಿಟಕಿಯ ಹತ್ತಿರ ಕನ್ನಡಿ ಹಿಡಿದು, ತಾಯಮ್ಮನ ಎದುರಿಗೆ ಬಾಯಿ ತೆರೆದು ತೋರಿಸಬೇಕು. ಎಡಗಡೆ, ಬಲಗಡೆ, ನಾಲಿಗೆಯ ಕೆಳಗೆ. ಆ ಹೊತ್ತಿನಲ್ಲಿ, ನಂಜಪ್ಪನಿಗೆ ದವಡೆ ಬದಲಾಯಿಸಲು ಹೇಳಿಕೊಟ್ಟ ಮುಠ್ಠಾಳ ಕನ್ನಡಿಯಲ್ಲಿ ಸರಿಯಾಗಿ ನನ್ನ ಮುಂದೆಯೇ ನಿಂತಿರುತ್ತಾನೆ. ಬೈಯಲು ಮಾತು ಗಂಟಲವರೆಗೂ ಬಂದಿರುತ್ತದೆ. ಆದರೆ ಏನು ಮಾಡುವುದು, ಬಾಯಿ ಮುಚ್ಚಲು ತಾಯಮ್ಮ ಬಿಡುವುದಿಲ್ಲ.