ಬೆನ್ನ ಹಿಂದಿನ ಗಂಟು ಮತ್ತು ಕೈಗವಸಿನ ಬಗ್ಗೆ

ಪೂರ್ವ ಕರಾವಳಿ ಶುಚಿತ್ವ ವಿಭಾಗ, ನ್ಯೂ ಬ್ರನ್ಸ್‌ವಿಕ್
ಸಂಖ್ಯೆ: ಶುಚಿ/ನಿಲು/ಕೈಗ/14(ಬಿ)
ದಿನಾಂಕ: ಮೇ 9, ಶುಕ್ರವಾರ

ಸುತ್ತೋಲೆ

ವಿಷಯ: ಏಡಿ ಕಾರ್ಖಾನೆಯಲ್ಲಿ ರಕ್ಷಣಾ ಉಡುಪನ್ನು ಎಷ್ಟು ಬಾರಿ ಬದಲಾಯಿಸತಕ್ಕದ್ದು ಎಂಬ ಬಗ್ಗೆ.
ಉಲ್ಲೇಖ: (1) ಇದೇ ಕಚೇರಿಯ ಸುತ್ತೋಲೆ 14(ಎ). (2) ಸದರಿ ಸುತ್ತೋಲೆಯ ಪರಿಣಾಮವಾಗಿ ಸಂಭವಿಸಿದ ಮಂಗಳವಾರ.

ಕೈಗವಸು ಧರಿಸಿದ ನಂತರವೇ ನಿಲುವಂಗಿ ತೊಡತಕ್ಕದ್ದೆಂದೂ, ಇನ್ನೊಬ್ಬರ ಉಡುಪು ಮುಟ್ಟಿದವರು ಎರಡನ್ನೂ ಬದಲಾಯಿಸತಕ್ಕದ್ದೆಂದೂ ಉಲ್ಲೇಖ (1)ರಲ್ಲಿ ಆದೇಶಿಸಲಾಗಿತ್ತು. ನಿಲುವಂಗಿಯ ದಾರ ಬೆನ್ನ ಹಿಂದೆ ಇರುವುದು ಆಗ ಇಲಾಖೆಯ ಗಮನಕ್ಕೆ ಬಂದಿರಲಿಲ್ಲ.

1. ಮಂಗಳವಾರ, ಭುಜ ಹಿಡಿದುಕೊಂಡು ಕೈ ಬೆನ್ನ ಹಿಂದೆ ಹೋಗದ ಶ್ರೀಮತಿ ಲಿಯೊಂಟಿನ್ ಆರ್ಸೆನೋ ಅವರ ದಾರವನ್ನು ಪಕ್ಕದ ಮೇಜಿನ ಶ್ರೀಮತಿ ಝೆಲಿ ಅವರು ಕೇಳದೆಯೇ ಕಟ್ಟಿರುತ್ತಾರೆ. ನಿಯಮದಂತೆ ಝೆಲಿ ಉಡುಪು ಬದಲಾಯಿಸಿದರು. ರಬ್ಬರ್ ಕೈಗವಸಿನಲ್ಲಿ ತನ್ನ ಗಂಟು ತಾನೇ ಹಾಕಿಕೊಳ್ಳುವುದು ಆಗದ್ದರಿಂದ ಅವರ ದಾರವನ್ನು ಆಚೆ ಮೇಜಿನ ಶ್ರೀಮತಿ ಓಡಿಲ್ ಕಟ್ಟಿದರು, ಓಡಿಲ್ ಬದಲಾಯಿಸಿದರು. ಹತ್ತೂವರೆಗೆ ನಲವತ್ತೊಂದು ಮಂದಿಯೂ ಉಡುಪು ಕೋಣೆಯಲ್ಲಿದ್ದು, ಕೆಲಸದ ಜಾಗದಲ್ಲಿ ಏಡಿಗಳು ಮಾತ್ರ ಹಾಜರಿದ್ದವು.

2. ಆದ್ದರಿಂದ ತಮ್ಮ ಗಂಟು ತಾವೇ ಹಾಕಿಕೊಳ್ಳಲಾಗದವರನ್ನು ಈ ಹಂಗಾಮಿನ ಕೆಲಸದಿಂದ ಕೈಬಿಡುವಂತೆ ಬುಧವಾರ ಆದೇಶಿಸಲಾಯಿತು. ಪರೀಕ್ಷೆಯಲ್ಲಿ ನಲವತ್ತೊಂದು ಮಂದಿಯೂ ಅನುತ್ತೀರ್ಣರಾದ ಕಾರಣ, ಆದೇಶವನ್ನು ಶ್ರೀಮತಿ ಆರ್ಸೆನೋ ಒಬ್ಬರಿಗೇ ಸೀಮಿತಗೊಳಿಸಲಾಯಿತು.

3. ಗೋಡೆಗೆ ಬೆನ್ನು ಉಜ್ಜಿ ಗಂಟು ಬಿಗಿಸುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಗೋಡೆಗೆ ಬದಲಿ ಉಡುಪು ಲಭ್ಯವಿರುವುದಿಲ್ಲ.

4. ಮೊದಲು ಗಂಟು, ಆಮೇಲೆ ಕೈಗವಸು ಎಂಬ ಶ್ರೀಮತಿ ಆರ್ಸೆನೋ ಅವರ ಸಲಹೆ ನಿಗದಿತ ನಮೂನೆಯಲ್ಲಿ ಇರಲಿಲ್ಲವಾದ್ದರಿಂದ ಅರ್ಥವಾಗಿರುವುದಿಲ್ಲ.

5. ಗುರುವಾರ ತಪಾಸಣೆಗೆ ಬಂದ ಕೆಳಸಹಿದಾರರು ನಿಯಮದಂತೆ ಕೈಗವಸು ಧರಿಸಿ, ತಮ್ಮ ನಿಲುವಂಗಿಯನ್ನು ತಾವೇ ಕಟ್ಟಿಕೊಳ್ಳಲು ಇಪ್ಪತ್ತು ನಿಮಿಷ ಯತ್ನಿಸಿರುತ್ತಾರೆ. ತಮ್ಮ ಬೀರು ಖಾಲಿ ಮಾಡಲು ಬಂದಿದ್ದ ಶ್ರೀಮತಿ ಆರ್ಸೆನೋ ಇದನ್ನು ನೋಡಿ, “ತಿರುಗಪ್ಪಾ ಈ ಕಡೆ. ನನ್ನ ಬೆನ್ನಿಗೆ ನನ್ನ ಕೈ ಎಟುಕಲ್ಲ, ನಿನ್ನ ಬೆನ್ನಿಗೆ ಎಟುಕತ್ತೆ” ಎಂದು ಅವರ ಕೈಗವಸು ಕಳಚಿಸಿ, ಬರಿಗೈಯಲ್ಲಿ ಗಂಟು ಹಾಕಿ, ಕಾಲರ್ ಸರಿಮಾಡಿ, ಆಮೇಲೆ ಕೈಗವಸು ಕೊಟ್ಟಿರುತ್ತಾರೆ. ಗಂಟು ಸಂಜೆಯವರೆಗೂ ಬಿಚ್ಚಿಕೊಂಡಿರುವುದಿಲ್ಲ.

6. ಗಂಟು ಮೊದಲು, ಕೈಗವಸು ನಂತರ, ಕೊಳೆಯಾದಾಗ ಬದಲಾವಣೆ ಎಂಬುದು ಇಲಾಖೆಗೆ ಸ್ವತಃ ಹೊಳೆದಿದ್ದು, ಕೂಡಲೇ ಜಾರಿಗೆ ತರಲಾಗಿದೆ. ಕಲಂ 2ನ್ನು ಹಿಂಪಡೆಯಲಾಗಿದೆ. ಶ್ರೀಮತಿ ಆರ್ಸೆನೋ ಸೋಮವಾರ ಕೆಲಸಕ್ಕೆ ಹಾಜರಾಗತಕ್ಕದ್ದು.

7. ಅವರ ದಾರ ಕಟ್ಟಲು ಅನುಮತಿ ಕೋರಿ ನಲವತ್ತು ಅರ್ಜಿಗಳು ಬಂದಿವೆ. ಎಲ್ಲವನ್ನೂ ಮಂಜೂರು ಮಾಡಲಾಗಿದೆ.

ಸಹಿ/-
(ಎಲೋಯ್ ಲೆಜೆ)
ಶುಚಿತ್ವ ಅಧಿಕಾರಿ

ಪ್ರತಿಗಳು:
1. ಉಡುಪು ಕೋಣೆಯ ಬಾಗಿಲಿಗೆ, ಒಳಬದಿ.
2. ಬಟ್ಟೆ ಒಗೆಯುವ ವಿಭಾಗಕ್ಕೆ, ಮಂಗಳವಾರದ ಬಗ್ಗೆ ವಿಷಾದದೊಂದಿಗೆ.
3. ಶ್ರೀಮತಿ ಝೆಲಿ ಅವರಿಗೆ, ಕೇಳದೆ ಕಟ್ಟಿದ್ದಕ್ಕೆ ನೀಡಿದ್ದ ನೋಟಿಸನ್ನು ಹಿಂದಿರುಗಿಸುವಂತೆ ಕೋರಿ.
4. ಶ್ರೀಮತಿ ಆರ್ಸೆನೋ ಅವರಿಗೆ, ಸಲಹೆ ನೀಡುವ ನಿಗದಿತ ನಮೂನೆಯ ಒಂದು ಪ್ರತಿಯೊಂದಿಗೆ.